ಬಿಲ್ಲು ಕೊಳ್ಳುವ ಮುನ್ನ

ಶಿವಮೊಗ್ಗೆಯ ಕೋಟೆಯಲ್ಲಿ, ತುಂಗೆಯ ದಡಕ್ಕೆ ಸಮೀಪವಾಗಿ, ಶಿವಪ್ಪನಾಯಕನ ಅರಮನೆ ಎಂದು ಹೆಸರಾದ ಮರದ ಕಂಬಗಳ ಕಟ್ಟಡವೊಂದಿದೆ. ಇಂದು ಅದು ಸರಕಾರದ ವಸ್ತುಸಂಗ್ರಹಾಲಯ. ಸುತ್ತಮುತ್ತಣ ಊರುಗಳಿಂದ ತಂದ ಶಿಲ್ಪಗಳನ್ನೂ ವೀರಗಲ್ಲುಗಳನ್ನೂ ಅದರ ಆವರಣದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಬಿಲ್ಲು ಹಿಡಿದ ಆಳು ನಮ್ಮ ನಾಡಿನ ವೀರಗಲ್ಲುಗಳಲ್ಲಿ ಮೇಲಿಂದ ಮೇಲೆ ಕಾಣಸಿಗುವ ಮೂರ್ತಿ. ಎಡಗೈಯನ್ನು ನೀಳವಾಗಿ ಚಾಚಿ, ಬಲಗೈಯಿಂದ ಹೆದೆಯನ್ನು ಸೆಳೆದು ಅವನು ಶತಮಾನಗಳಿಂದ ಹಾಗೆಯೇ ನಿಂತಿದ್ದಾನೆ. ಬೇಲೂರಿಗೆ ಹೋದವರು ಬಿಲ್ಲು ಹಿಡಿದ ಬೇಟೆಗಾರ್ತಿಯ ಮದನಿಕೆಯನ್ನು ತಲೆಯೆತ್ತಿ ನೋಡದೆ ಬಂದಿರಲಾರರು. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಬೇಟೆಗೂ ಒಂದು ಸ್ಥಾನವಿದೆ. ಬೇಡರ ಕಣ್ಣಪ್ಪನ ಕಥೆಯನ್ನಂತೂ ಹೇಳಬೇಕಾದುದೇ ಇಲ್ಲ. ಬಿಲ್ಲು ಎಂದೊಡನೆ ನಮ್ಮ ಮನಸ್ಸಿಗೆ ಬೇಟೆಯೇ ಮೊದಲು ಹೊಳೆಯುವುದು ಆಶ್ಚರ್ಯವಲ್ಲ.

ಹೀಗಿರುವಾಗ, ಭದ್ರಾವತಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ತರುಣನೊಬ್ಬನು ಒಂದು ಸಂಜೆ ನಮ್ಮ ಮನೆಗೆ ಬಂದು, ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, “ಸಾರ್, ಇದು ಐವತ್ತು ಪೌಂಡಿನ ಬಿಲ್ಲು. ಬೇಟೆಗೂ ಆಗುತ್ತದೆ ಎಂದು ಬರೆದಿದ್ದಾರೆ. ಎರಡು ತಿಂಗಳಿಂದ ದುಡ್ಡು ಕೂಡಿಟ್ಟಿದ್ದೇನೆ. ಕೊಳ್ಳಲೇ?” ಎಂದು ಕೇಳಿದನು. ಅವನ ಪ್ರಶ್ನೆಗೆ ಒಂದೇ ಮಾತಿನಲ್ಲಿ ‘ಬೇಡಪ್ಪಾ’ ಎಂದು ಉತ್ತರ ಕೊಟ್ಟೆವು. ಆದರೆ ‘ಏಕೆ ಬೇಡ’ ಎಂಬುದನ್ನು ಹೇಳುವುದಕ್ಕೆ ಸಂಜೆಯೆಲ್ಲ ಹಿಡಿಯಿತು. ಅಂಥದೇ ಪ್ರಶ್ನೆ ನಮ್ಮ ವಾಚಕರಲ್ಲಿ ಕೆಲವರಿಗಾದರೂ ಇದ್ದೀತೆಂದು ಆ ಸಂಜೆಯ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಉಪದೇಶ ಮಾಡುವ ಅಧಿಕಾರ ನಮಗೆ ಬಂದುದು ಜಾಣತನದಿಂದಲ್ಲ, ಪೆಟ್ಟು ತಿಂದುದರಿಂದ. ಹಲವು ವರ್ಷಗಳ ಹಿಂದೆ ನಾವೂ ಹೀಗೆಯೇ, ಹೆಚ್ಚು ಭಾರದ್ದು ಹೆಚ್ಚು ಒಳ್ಳೆಯದಿರಬೇಕೆಂಬ ತರ್ಕದಿಂದ, ನಲವತ್ತೈದು ಪೌಂಡಿನ ಬಿಲ್ಲೊಂದನ್ನು ಕೊಂಡೆವು. ಜತೆಗೆ ಬಂದ ಆರು ಬಾಣಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಮೂರನೆಯ ವಾರಕ್ಕೆ ಬಲಭುಜ ನೋಯತೊಡಗಿತು. ಎರಡನೆಯ ತಿಂಗಳಿಗೆ ಬಿಲ್ಲು ಅಟ್ಟ ಸೇರಿತು. ಹಣ ಹೋದುದಕ್ಕಿಂತ, ಕಲಿಯುವ ಉತ್ಸಾಹ ಹೋದುದೇ ದೊಡ್ಡ ನಷ್ಟ.

ಮೊದಲು ಬೇಟೆಯ ಮಾತನ್ನು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ದೇಶದಲ್ಲಿ ವನ್ಯಮೃಗಗಳ ಬೇಟೆಯನ್ನು ನಿಷೇಧಿಸುತ್ತದೆ. ಮೊದಲು ಕೆಲವು ಪ್ರಾಣಿಗಳಿಗೆ ಪರವಾನಗಿಯ ಮೇಲೆ ಅವಕಾಶವಿದ್ದಿತು. 1991ರ ತಿದ್ದುಪಡಿಯಿಂದ ಆ ಬಾಗಿಲೂ ಮುಚ್ಚಿತು. ಕೊಂದರೆ ಮಾತ್ರ ಬೇಟೆಯೆಂದು ತಿಳಿಯಬಾರದು. ಅಟ್ಟಿಸಿಕೊಂಡು ಹೋಗುವುದು, ಉರುಳೊಡ್ಡುವುದು, ಕೊಲ್ಲಲು ಪ್ರಯತ್ನಿಸುವುದು, ಇವೆಲ್ಲವೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ಬಾಣ ಗುರಿ ತಪ್ಪಿತೆಂಬುದು ಅಪರಾಧಿಯ ನೆರವಿಗೆ ಬಾರದು. ಇನ್ನೂ ಒಂದು ಸಂಗತಿಯನ್ನು ಬಹಳ ಜನ ಅರಿಯರು. ‘ಆಯುಧ’ ಎಂಬ ಪದಕ್ಕೆ ಆ ಕಾಯಿದೆ ಕೊಡುವ ಅರ್ಥವಿವರಣೆಯಲ್ಲಿ ಬಂದೂಕು, ಬಲೆ, ವಿಷಗಳ ಜತೆಗೆ ಬಿಲ್ಲುಬಾಣಗಳ ಹೆಸರೂ ಸ್ಪಷ್ಟವಾಗಿ ಬರೆದಿದೆ; ಲಿಖಿತ ಅಪ್ಪಣೆಯಿಲ್ಲದೆ ಯಾವ ಆಯುಧವನ್ನೂ ಅಭಯಾರಣ್ಯದೊಳಕ್ಕೆ ಒಯ್ಯುವಂತಿಲ್ಲ. ಶಿವಮೊಗ್ಗೆಯ ಮಗ್ಗುಲಲ್ಲಿಯೇ ಶೆಟ್ಟಿಹಳ್ಳಿ ಅಭಯಾರಣ್ಯವಿದೆ. ಭದ್ರಾವತಿಯಿಂದ ಲಕ್ಕವಳ್ಳಿಯ ಕಡೆಗೆ ಹೊರಟರೆ ಭದ್ರಾ ಹುಲಿ ರಕ್ಷಿತಾರಣ್ಯ. ಬೈಕಿಗೆ ಬಿಲ್ಲು ಕಟ್ಟಿಕೊಂಡು ಸುಮ್ಮನೆ ಆ ಕಡೆ ತಿರುಗಾಡಿ ಬರುತ್ತೇನೆಂದರೂ ತಪ್ಪಿತಸ್ಥನಾಗಬಹುದು. ವಿಶೇಷ ರಕ್ಷಣೆಯ ಮೊದಲ ಅನುಸೂಚಿಯ ಪ್ರಾಣಿಯಾದರೆ ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷದವರೆಗೆ ಹೋದೀತು.

ಗದ್ದೆಗೆ ಹಂದಿ ನುಗ್ಗಿದವನ ಸಂಕಟ ನಮಗೆ ತಿಳಿಯದುದಲ್ಲ. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕೇ ಹೊರತು ಬಾಣ ಪರಿಹಾರವಲ್ಲ. ಮಲೆನಾಡಿನಲ್ಲಿ ಬಿಲ್ಲಿನ ಬೇಟೆಯಂತೂ ಕೋವಿ ಬಂದಂದಿನಿಂದಲೇ ಹಿಂದೆ ಸರಿದಿತ್ತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಷಿಕಾರಿ ಎಂದರೆ ಕೋವಿಯೇ ನೆನಪಾಗುವುದು.

ಬಿಲ್ಲಿನ ಬೇಟೆ ಕಾಯಿದೆಗೆ ಒಳಪಟ್ಟು ನಡೆಯುವ ದೇಶಗಳು ಇವೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನವು 1934ರಲ್ಲಿಯೇ ಬಿಲ್ಲುಗಾರರಿಗೆಂದು ಜಿಂಕೆಬೇಟೆಯ ಪ್ರತ್ಯೇಕ ಋತುವನ್ನು ಗೊತ್ತುಪಡಿಸಿತು. ಅತ್ತ ಇಂಗ್ಲೆಂಡಿನಲ್ಲಿ, ಉದ್ದಬಿಲ್ಲಿನ ತವರಾದ ಆ ದೇಶದಲ್ಲಿಯೇ, 1981ರ ಕಾಯಿದೆಯಂತೆ ಬಿಲ್ಲಿನಿಂದ ಕಾಡುಪ್ರಾಣಿಗಳನ್ನು ಕೊಲ್ಲುವುದು ನಿಷಿದ್ಧ. ಅನುಮತಿಯುಳ್ಳ ಕಡೆಗಳಲ್ಲಿಯೂ ಬಲ್ಲ ಬೇಟೆಗಾರನು ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಆಚೆಯ ಪ್ರಾಣಿಗೆ ಬಾಣ ಬಿಡಲು ಹಿಂಜರಿಯುತ್ತಾನೆ. ಕಾರಣ ಸರಳವಾದುದು. ಬಂದೂಕಿನ ಗುಂಡು ಆಘಾತದಿಂದ ಕೆಡವುತ್ತದೆ. ಬಾಣದ ಅಲಗು ಮಾಡುವುದು ಕೊಯ್ತ ಮಾತ್ರ. ಅದು ಎದೆಗೂಡಿನ ನಿಶ್ಚಿತ ಸ್ಥಳಕ್ಕೆ ತಾಗದಿದ್ದರೆ ಪ್ರಾಣಿ ಗಾಯಗೊಂಡು ಓಡಿ ದಿನಗಟ್ಟಲೆ ನರಳುತ್ತದೆ. ಆದುದರಿಂದ ಅಲ್ಲಿಯ ಬೇಟೆಗಾರನೂ ತನ್ನ ಮೊದಲ ವರ್ಷವನ್ನು ಹುಲ್ಲಿನ ಗುರಿಯ ಎದುರಿಗೆ ಹಗುರ ಬಿಲ್ಲಿನೊಡನೆಯೇ ಕಳೆಯಬೇಕು. ನಮ್ಮ ತರುಣನು ಎಲ್ಲಿಯೇ ಹುಟ್ಟಿದ್ದರೂ ಅವನು ಮೊದಲು ಕೊಳ್ಳಬೇಕಾದ ಬಿಲ್ಲು ಒಂದೇ.

ಹಗುರವೆಂದರೆ ಎಷ್ಟು? ಬಿಲ್ಲಿನ ‘ಪೌಂಡು’ ಎಂಬುದು ಅದರ ತೂಕವಲ್ಲ. ಹೆದೆಯನ್ನು ಪೂರ್ತಿ ಸೆಳೆದು ಹಿಡಿಯುವುದಕ್ಕೆ ಬೇಕಾದ ಬಲ. ಹೆದೆಗೆ ಕೊಕ್ಕೆತಕ್ಕಡಿಯನ್ನು ಸಿಕ್ಕಿಸಿ ಎಳೆದರೆ ಅದು ತೋರಿಸುವ ಅಂಕಿ ಅದೇ. ಜಗತ್ತೆಲ್ಲ ಕಿಲೋಗ್ರಾಮಿಗೆ ಬದಲಾದರೂ ಬಿಲ್ಲುಗಾರರು ಪೌಂಡನ್ನು ಬಿಟ್ಟಿಲ್ಲ; ಒಂದು ಪೌಂಡು ಎಂದರೆ ಸುಮಾರು 454 ಗ್ರಾಂ.

ಈಗ 20 ಪೌಂಡಿನ ಬಿಲ್ಲೊಂದನ್ನು ತೆಗೆದುಕೊಳ್ಳೋಣ. ಹೆದೆಯು ತನ್ನ ನೆಲೆಯಿಂದ ಸುಮಾರು 20 ಅಂಗುಲ ಹಿಂದಕ್ಕೆ ಸರಿಯುತ್ತದೆ. ಆರಂಭದಲ್ಲಿ ಬೇಕಾದ ಬಲ ಸೊನ್ನೆ, ಕೊನೆಯಲ್ಲಿ 20 ಪೌಂಡು, ಸರಾಸರಿ ಹತ್ತು. ಲೆಕ್ಕ ಹಾಕಿದರೆ ಬಿಲ್ಲಿನಲ್ಲಿ ಅಡಗಿ ಕುಳಿತ ಶಕ್ತಿ ಸುಮಾರು 22 ಜೂಲ್. ಒಂದು ಕಿಲೋಗ್ರಾಂ ಸಕ್ಕರೆಯನ್ನು ಏಳೂವರೆ ಅಡಿ ಎತ್ತರಕ್ಕೆ ಎತ್ತಿದರೆ ಎಷ್ಟು ಕೆಲಸವೋ ಅಷ್ಟು. ಇದೆಲ್ಲವೂ ಬಾಣಕ್ಕೆ ದಕ್ಕುವುದಿಲ್ಲ. ಬಿಲ್ಲಿನ ತೋಳುಗಳು ಸ್ವತಃ ಮುಂದಕ್ಕೆ ಚಿಮ್ಮಬೇಕು, ಹೆದೆ ಚಲಿಸಬೇಕು. ಅವು ತಮ್ಮ ಪಾಲನ್ನು ತೆಗೆದುಕೊಂಡು ಸುಮಾರು ಮೂರರಲ್ಲಿ ಎರಡು ಪಾಲನ್ನು ಬಾಣಕ್ಕೆ ಬಿಡುತ್ತವೆ. ಆ 15 ಜೂಲ್ ಶಕ್ತಿಯು 20 ಗ್ರಾಂ ತೂಕದ ಬಾಣವನ್ನು ಸೆಕೆಂಡಿಗೆ 39 ಮೀಟರು ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 140 ಕಿಲೋಮೀಟರು ವೇಗದಲ್ಲಿ, ಅಟ್ಟುತ್ತದೆ. ಮಕ್ಕಳಾಟಿಕೆಯೆಂದು ನಾವು ಮೂಗು ಮುರಿಯುವ 20 ಪೌಂಡಿನ ಬಿಲ್ಲಿನ ಸಾಮರ್ಥ್ಯವಿದು.

ಇದರ ಎರಡರಷ್ಟು, ಎಂದರೆ 40 ಪೌಂಡಿನ ಬಿಲ್ಲನ್ನು ಕೊಂಡರೆ ಏನು ದೊರೆಯುತ್ತದೆ? ಶಕ್ತಿ ಎರಡರಷ್ಟಾಗುತ್ತದೆ; ಆದರೆ ವೇಗ ಎರಡರಷ್ಟಾಗುವುದಿಲ್ಲ. ಏಕೆಂದರೆ ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ಅಲ್ಲದೆ ಬಲವಾದ ಬಿಲ್ಲಿಗೆ ಗಟ್ಟಿಯಾದ, ಆದುದರಿಂದ ಹೆಚ್ಚು ತೂಕದ, ಬಾಣ ಬೇಕು. 28 ಗ್ರಾಮಿನ ಬಾಣವಾದರೆ ವೇಗ ಸೆಕೆಂಡಿಗೆ 46 ಮೀಟರು. ನೆಲಕ್ಕೆ ಸಮಾನಾಂತರವಾಗಿ ಬಿಟ್ಟ ಬಾಣವು 18 ಮೀಟರು ದೂರದ ಗುರಿಯನ್ನು ಮುಟ್ಟುವಷ್ಟರಲ್ಲಿ ಗುರುತ್ವಾಕರ್ಷಣೆಯಿಂದ ಎಷ್ಟು ಕೆಳಗಿಳಿದಿರುತ್ತದೆಂದು ನೋಡಿದರೆ, ಹಗುರ ಬಿಲ್ಲಿನದು ಒಂದು ಮೀಟರಿಗೆ ತುಸು ಹೆಚ್ಚು, ಭಾರದ ಬಿಲ್ಲಿನದು ಮುಕ್ಕಾಲು ಮೀಟರು. ಸೆಳೆತವನ್ನು ಎರಡು ಪಾಲು ಮಾಡಿದುದರ ಲಾಭ ಒಂದು ಅಡಿಯಷ್ಟೆ! ಆ ಒಂದು ಅಡಿಯನ್ನು ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಪುಕ್ಕಟೆಯಾಗಿ ಪಡೆಯಬಹುದು.

ಇನ್ನು ಅದಕ್ಕೆ ತೆರಬೇಕಾದ ಬೆಲೆಯನ್ನು ನೋಡಿ. ಒಂದು ಸಂಜೆಯ ಅಭ್ಯಾಸದಲ್ಲಿ 60 ಬಾಣ ಬಿಡುತ್ತೀರೆಂದು ಇಟ್ಟುಕೊಳ್ಳಿ. 20 ಪೌಂಡಿನ ಬಿಲ್ಲಿನಿಂದ ನಿಮ್ಮ ಬೆನ್ನೂ ಭುಜವೂ ಒಟ್ಟು ಐದೂವರೆ ಕ್ವಿಂಟಲಿನಷ್ಟು ಎಳೆದಂತಾಯಿತು. ಆ ತರುಣ ಕೊಳ್ಳಹೊರಟ 50 ಪೌಂಡಿನದಾದರೆ ಹದಿಮೂರೂವರೆ ಕ್ವಿಂಟಲು. ಅಡಕೆಯ ಮೂಟೆ ಹೊತ್ತು ಪಳಗಿದವನಿಗೂ ಇದು ಸುಲಭವಲ್ಲ. ಏಕೆಂದರೆ ಸೆಳೆತಕ್ಕೆ ಬೇಕಾದ ಬೆನ್ನಿನ ಸ್ನಾಯುಗಳನ್ನು ಬೇರಾವ ಕೆಲಸವೂ ಹಾಗೆ ದುಡಿಸುವುದಿಲ್ಲ. ಶಕ್ತಿ ಸಾಲದಾದಾಗ ಮೈ ಉಪಾಯ ಹೂಡುತ್ತದೆ: ಬೆನ್ನು ಹಿಂದಕ್ಕೆ ಬಾಗುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ, ಬೆರಳು ಸಮಯಕ್ಕೆ ಮುನ್ನವೇ ಹೆದೆಯನ್ನು ಬಿಟ್ಟುಬಿಡುತ್ತದೆ. ಹೀಗೆ ಕಲಿತ ತಪ್ಪನ್ನು ಮರೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಆರೋಗ್ಯವಂತನಾದ ವಯಸ್ಕನಿಗೆ 18ರಿಂದ 24 ಪೌಂಡು, ಹನ್ನೆರಡು ಹದಿಮೂರರ ಮಕ್ಕಳಿಗೆ 12ರಿಂದ 16 ಪೌಂಡು, ಇದು ನಮ್ಮ ಸಲಹೆ. ಪೂರ್ತಿ ಸೆಳೆದು, ಕೈ ನಡುಗದೆ ಹತ್ತು ಎಣಿಸುವವರೆಗೆ ಹಿಡಿಯಲಾಗದ ಬಿಲ್ಲು, ಅದು ಎಷ್ಟೇ ಅಗ್ಗವಾಗಿ ದೊರೆತರೂ, ದುಬಾರಿಯೇ.

ಬಿಲ್ಲಿನ ಮೇಲೆ ಬರೆದ ಪೌಂಡು ಸಾಮಾನ್ಯವಾಗಿ 28 ಅಂಗುಲದ ಸೆಳೆತಕ್ಕೆ ಹೇಳಿದ್ದು. ನಿಮ್ಮ ಸೆಳೆತ ಎಷ್ಟೆಂಬುದನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು. ಗೋಡೆಗೆ ಒರಗಿ ಎರಡು ಕೈಗಳನ್ನೂ ಚಾಚಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಿ. 170 ಸೆಂಟಿಮೀಟರು ಬಂದರೆ ಸೆಳೆತ 68 ಸೆಂಟಿಮೀಟರು, ಎಂದರೆ 27 ಅಂಗುಲಕ್ಕೆ ತುಸು ಕಡಿಮೆ. 28ಕ್ಕಿಂತ ಒಂದು ಅಂಗುಲ ಕಡಿಮೆಯಾದರೆ ಭಾರವೂ ಸ್ವಲ್ಪ ಇಳಿಯುತ್ತದೆ. ಬಾಣದ ಉದ್ದ ಸೆಳೆತಕ್ಕಿಂತ ಒಂದೆರಡು ಅಂಗುಲ ಹೆಚ್ಚಿರಲಿ. ಕಡಿಮೆಯಾದರೆ ಅದರ ಮೊನೆ ಹಿಡಿಯಿಂದ ಒಳಕ್ಕೆ ಜಾರಿ ಕೈಯನ್ನೇ ಇರಿದೀತು.

ಯಾವ ಬಗೆಯ ಬಿಲ್ಲು ಎಂಬುದು ಮುಂದಿನ ಪ್ರಶ್ನೆ. ಅತ್ಯಂತ ಅಗ್ಗವಾದುದು ಬಿದಿರಿನದು. ಇದನ್ನು ಹಳ್ಳಿಗಾಡಿನ ಸಾಮಾನೆಂದು ಹೀನಾಯಿಸುವಂತಿಲ್ಲ. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ. ಬಿದಿರಿನ ಬಿಲ್ಲಿನಿಂದ 30 ಮತ್ತು 50 ಮೀಟರು ದೂರಗಳಿಗೆ ಅಲ್ಲಿ ಗುರಿಯಿಡುತ್ತಾರೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರ ಬಿಲ್ಲಿನಿಂದ ಹಕ್ಕಿಗಳನ್ನು ಬೇಟೆಯಾಡುತ್ತ ಬೆಳೆದವನು. 1987ರ ಸುಮಾರಿಗೆ ಸರಕಾರದವರು ನಡೆಸಿದ ಆಯ್ಕೆಯಲ್ಲಿ ಕಣ್ಣಿಗೆ ಬಿದ್ದು, ಮರುವರ್ಷವೇ ಒಲಿಂಪಿಕ್ ಕೂಟಕ್ಕೆ ಹೋದನು. 1992ರಲ್ಲಿ ಬೀಜಿಂಗಿನ ಏಷ್ಯಾ ಸ್ಪರ್ಧೆಯಲ್ಲಿ 30 ಮೀಟರಿನ ವಿಶ್ವದಾಖಲೆಯನ್ನು ಸರಿಗಟ್ಟಿದನು. ರಾಂಚಿಯ ದೀಪಿಕಾ ಕುಮಾರಿ ಕೂಡ ಮೊದಲು ಹಿಡಿದುದು ಬಿದಿರಿನ ಬಿಲ್ಲನ್ನೇ.

ಬಿದಿರು ಬಿಲ್ಲಿಗೆ ಏಕೆ ಇಷ್ಟು ಒಪ್ಪುತ್ತದೆ? ಬಿಲ್ಲು ಬಾಗಿದಾಗ ಬಿಲ್ಲುಗಾರನಿಗೆ ಎದುರಾದ ಮೈ ಅಮುಕಿಕೊಳ್ಳುತ್ತದೆ, ಗುರಿಯ ಕಡೆಗಿನ ಮೈ ಹಿಗ್ಗುತ್ತದೆ. ಮುರಿಯುವ ಬಿಲ್ಲು ಬಹುಮಟ್ಟಿಗೆ ಹಿಗ್ಗುವ ಮೈಯಿಂದಲೇ ಸೀಳತೊಡಗುತ್ತದೆ. ಬಿದಿರಿನ ಗಟ್ಟಿ ನಾರುಗಳೆಲ್ಲ ಅದರ ಹೊರತೊಗಟೆಯ ಬಳಿ ಒತ್ತೊತ್ತಾಗಿ ಸೇರಿವೆ. ಒಳಕ್ಕೆ ಹೋದಂತೆ ವಿರಳ. ಆದಕಾರಣ ಹಸಿರು ತೊಗಟೆಯ ಮೈ ಗುರಿಯ ಕಡೆಗಿರುವಂತೆ ಮಾಡಿದ ಬಿಲ್ಲು ಬಾಳುತ್ತದೆ. ತೊಗಟೆಯನ್ನು ಹೆರೆದು ಅಂದಗೊಳಿಸಿದ ಬಿಲ್ಲು ಬೇಗ ಮುರಿಯುತ್ತದೆ. ಕೊಳ್ಳುವಾಗ ಈ ಮೈಯ ಮೇಲೆ ಬೆರಳಾಡಿಸಿ ನೋಡಿ. ಕೊಯ್ದ ಗುರುತಾಗಲಿ ಅಡ್ಡಬಿರುಕಾಗಲಿ ಇದ್ದರೆ ಕೆಳಗಿಟ್ಟುಬಿಡಿ. ಹಿಡಿಯಿಂದ ಎರಡು ತೋಳುಗಳೂ ಸಮವಾಗಿ ಬಾಗುವುವೇ ಎಂಬುದನ್ನೂ ದೂರ ನಿಂತು ನೋಡಬೇಕು.

ಭದ್ರಾವತಿಯ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಉಕ್ಕಿಗಿಂತ ಬಿದಿರು ಮೇಲಾದುದು ಹೇಗೆ? ನಿಜ, ಉಕ್ಕಿನ ಬಿಲ್ಲುಗಳು ಹಿಂದೆ ಭಾರತದಲ್ಲಿಯೇ ಇದ್ದುವು. ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಕಾಣಬಹುದು. ಅಂಟು ಹಾಕಿದ ಕೊಂಬಿನ ಬಿಲ್ಲುಗಳು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತವೆ, ಉಕ್ಕಿಗೆ ಆ ಭಯವಿಲ್ಲ. ಆದರೆ ಬಿಲ್ಲಿನಲ್ಲಿ ಮುಖ್ಯವಾದ ಗುಣ ಗಟ್ಟಿತನವಲ್ಲ. ತನ್ನ ತೂಕಕ್ಕೆ ಎಷ್ಟು ಶಕ್ತಿಯನ್ನು ಹಿಡಿದಿಟ್ಟುಕೊಂಡು ಹಿಂದಿರುಗಿಸಬಲ್ಲದು ಎಂಬುದು. ಈ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ಒಳ್ಳೆಯ ಬಿಲ್ಲುಮರವು ಒಂದು ಕಿಲೋಗ್ರಾಂ ಸ್ಪ್ರಿಂಗಿನ ಉಕ್ಕಿಗಿಂತ ಹಲವು ಪಾಲು ಹೆಚ್ಚು ಶಕ್ತಿಯನ್ನು ಕೂಡಿಡುತ್ತದೆ. ಉಕ್ಕಿನ ತೋಳುಗಳು ಭಾರವಾದುದರಿಂದ ತಮ್ಮನ್ನು ತಾವೇ ಚಿಮ್ಮಿಸಿಕೊಳ್ಳುವುದರಲ್ಲಿ ಶಕ್ತಿಯನ್ನು ಮುಗಿಸಿಬಿಡುತ್ತವೆ.

ಕೈಯಲ್ಲಿ ಇನ್ನಷ್ಟು ಹಣವಿದ್ದರೆ, ಕಳಚಿ ಜೋಡಿಸುವ ಬಿಲ್ಲು ಒಳ್ಳೆಯದು. ಅಂಗಡಿಯವರು ಇದನ್ನು ‘ಟೇಕ್‌ಡೌನ್ ರಿಕರ್ವ್’ ಎನ್ನುತ್ತಾರೆ. ನಡುವೆ ಮರದ ಹಿಡಿ. ಮೇಲೆ ಕೆಳಗೆ ಮರ ಮತ್ತು ಗಾಜಿನ ನಾರು ಸೇರಿಸಿ ಮಾಡಿದ ಎರಡು ತೋಳುಗಳು. ತೋಳಿನ ತುದಿಗಳು ಗುರಿಯ ಕಡೆಗೆ ಬಾಗಿರುವುದರಿಂದ ಸೆಳೆತದ ಮೊದಲ ಭಾಗದಲ್ಲಿಯೇ ಹೆಚ್ಚು ಶಕ್ತಿ ತುಂಬಿಕೊಳ್ಳುತ್ತದೆ, ಕೊನೆಯಲ್ಲಿ ಹೆದೆ ಗೋಡೆಗೆ ತಾಗಿದಂತೆ ಬಿಗಿಯುವುದಿಲ್ಲ. ಇದರ ಬೆಲೆ ಕೆಲವು ಸಾವಿರ ರೂಪಾಯಿ. ನಿಜವಾದ ಉಳಿತಾಯ ಇರುವುದು ಮುಂದೆ. ವರ್ಷ ಕಳೆದು ನಿಮ್ಮ ಬೆನ್ನು ಬಲಗೊಂಡಾಗ ಹೊಸ ಬಿಲ್ಲು ಕೊಳ್ಳಬೇಕಾಗಿಲ್ಲ. ಹಿಡಿಯನ್ನು ಉಳಿಸಿಕೊಂಡು ತೋಳುಗಳನ್ನು ಮಾತ್ರ ಬದಲಾಯಿಸಿದರೆ ಸಾಕು. ಕೊಳ್ಳುವ ಮುಂಚೆ, ಆ ಹಿಡಿಗೆ ಬೇರೆ ಭಾರದ ತೋಳುಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಸಿಗುವುದಿಲ್ಲವೆಂದರೆ ಮೇಲಿನ ಲಾಭ ಕಾಗದದ ಮೇಲಷ್ಟೆ.

ರಾಟೆಗಳೂ ತಂತಿಗಳೂ ತುಂಬಿದ ಕಾಂಪೌಂಡ್ ಬಿಲ್ಲನ್ನು ಕಂಡು ತರುಣರು ಮರುಳಾಗುವುದುಂಟು. ಅಮೆರಿಕದ ಆಲನ್ ಎಂಬಾತನು 1960ರ ದಶಕದಲ್ಲಿ ಕಂಡುಹಿಡಿದು 1969ರಲ್ಲಿ ಹಕ್ಕುಪತ್ರ ಪಡೆದ ಇದು ಬಹು ಜಾಣತನದ ಯಂತ್ರವೆಂಬುದರಲ್ಲಿ ಸಂದೇಹವಿಲ್ಲ. ಅದರ ವಕ್ರಚಕ್ರಗಳು ತಿರುಗಿದಂತೆ ಸೆಳೆತದ ಭಾರ ಕೊನೆಯಲ್ಲಿ ಕುಸಿಯುತ್ತದೆ. 50 ಪೌಂಡು ಎಳೆದವನು ಗುರಿ ಹಿಡಿದು ನಿಲ್ಲುವಾಗ ಹನ್ನೆರಡು ಹದಿಮೂರು ಪೌಂಡನ್ನು ಹೊತ್ತರೆ ಸಾಕು. ಆದರೆ ಅದು ಒಬ್ಬನ ಕೈಯಳತೆಗೆ ಸರಿಹೊಂದಿಸಿದ್ದು. ಹೆದೆ ಬದಲಾಯಿಸುವುದಕ್ಕೆ ಬಿಲ್ಲನ್ನು ಅಮುಕಿ ಹಿಡಿಯುವ ಪ್ರತ್ಯೇಕ ಯಂತ್ರ ಬೇಕು. ನಮ್ಮ ಊರುಗಳಲ್ಲಿ ಅದನ್ನು ರಿಪೇರಿ ಮಾಡುವವರನ್ನು ಹುಡುಕುವುದು ಸುಲಭವಲ್ಲ. ಹೊಸಬರಿಗೆ ಅದು ಬೇಡ.

ಈಗ ನಿಜವಾಗಿ ಹಣ ಹಾಕಬೇಕಾದ ವಸ್ತುವಿಗೆ ಬರೋಣ. ಅದು ಬಾಣ. ಹತ್ತು ರೂಪಾಯಿ ಇದ್ದರೆ ನಾಲ್ಕು ಬಿಲ್ಲಿಗೆ, ನಾಲ್ಕು ಬಾಣಗಳಿಗೆ, ಎರಡು ಉಳಿದ ಸಾಮಾನಿಗೆ ಎಂದು ನಾವು ಹೇಳುತ್ತೇವೆ. ಇದನ್ನು ಕೇಳಿ ನಗುವವರುಂಟು. ಆದರೆ ಬಿಲ್ಲು ಎಷ್ಟು ಸಾಧಾರಣವಾಗಿದ್ದರೂ ತಾನು ಮೊದಲ ಸಲ ಮಾಡಿದುದನ್ನೇ ಎರಡನೆಯ ಸಲವೂ ಮಾಡುತ್ತದೆ. ಬಾಣಗಳು ಹಾಗಲ್ಲ, ಹನ್ನೆರಡು ಬಾಣಗಳು ಹನ್ನೆರಡು ದಾರಿ ಹಿಡಿದರೆ ತಪ್ಪು ಕೈಯದೋ ಬಾಣದ್ದೋ ಎಂದು ಕಲಿಯುವವನಿಗೆ ತಿಳಿಯುವುದೇ ಇಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಹೆದೆಯು ಬಿಲ್ಲಿನ ನಟ್ಟನಡುವಿಗೆ ಮರಳುತ್ತದೆ. ಬಾಣವಾದರೋ ಹಿಡಿಯ ಒಂದು ಮಗ್ಗುಲಿಗೆ ಒರಗಿರುತ್ತದೆ. ಹಾಗಾದರೆ ಬಾಣವು ಪಕ್ಕಕ್ಕೆ ತಿರುಗಿ ಹಾರಬೇಕಾಗಿತ್ತು. ಹಾರುವುದಿಲ್ಲ, ಗುರಿಯತ್ತಲೇ ಹೋಗುತ್ತದೆ. ಈ ಒಗಟಿಗೆ 1913ರಲ್ಲಿ ಅಮೆರಿಕದ ರೆಂಡ್‌ಟಾರ್ಫ್ ‘ಬಿಲ್ಲುಗಾರನ ವಿರೋಧಾಭಾಸ’ ಎಂಬರ್ಥದ ಹೆಸರನ್ನಿಟ್ಟನು. 1930ರ ದಶಕದಲ್ಲಿ ಹಿಕ್‌ಮನ್ ಎಂಬ ಭೌತವಿಜ್ಞಾನಿಯು ಅತಿವೇಗದ ಛಾಯಾಚಿತ್ರಗಳಿಂದ ಅದನ್ನು ಬಿಡಿಸಿ ತೋರಿಸಿದನು. ಹೆದೆಯ ನೂಕಿಗೆ ಸಿಕ್ಕಿದ ಬಾಣವು ನೇರವಾಗಿ ಉಳಿಯುವುದಿಲ್ಲ. ಮೀನು ಈಜುವಂತೆ ಬಳುಕುತ್ತ ಹಿಡಿಯನ್ನು ಸುತ್ತುವರಿದು ಮುಂದೆ ಹೋಗುತ್ತದೆ. ಅದರ ಹಿಂತುದಿ ಹಿಡಿಗೆ ತಾಗದೆ ಪಾರಾಗಬೇಕಾದರೆ ಬಳುಕಿನ ವೇಗ ಬಿಲ್ಲಿನ ವೇಗಕ್ಕೆ ಸರಿಹೊಂದಬೇಕು. ಬಾಣ ಅತಿ ಬಿಗುಪಾದರೆ, ಬಲಗೈಯಿಂದ ಸೆಳೆಯುವವನಿಗೆ, ಅದು ಗುರಿಯ ಎಡಕ್ಕೆ ಬೀಳುತ್ತದೆ. ಅತಿ ಮೆದುವಾದರೆ ಬಲಕ್ಕೆ. ಐವತ್ತು ಪೌಂಡಿನ ಬಿಲ್ಲಿಗೆಂದು ಮಾಡಿದ ಉತ್ತಮ ಬಾಣ ಇಪ್ಪತ್ತು ಪೌಂಡಿನ ಬಿಲ್ಲಿನಲ್ಲಿ ಕೋಲಿನಷ್ಟೇ ನಿರುಪಯೋಗಿ.

ಬಾಣದ ಬಿಗುಪನ್ನು ಅಳೆಯಲು ಮಾರುಕಟ್ಟೆಯಲ್ಲಿ ಉಪಕರಣವಿದೆ. ಆದರೆ ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದು ಹಲಗೆಗೆ ಸರಿಯಾಗಿ 28 ಅಂಗುಲ ಅಂತರದಲ್ಲಿ ಎರಡು ಮೊಳೆಗಳನ್ನು ಹೊಡೆದು ಗೋಡೆಗೆ ನಿಲ್ಲಿಸಿ. ಮೊಳೆಗಳ ಮೇಲೆ ಬಾಣವನ್ನು ಅಡ್ಡಲಾಗಿ ಇಟ್ಟು, ನಟ್ಟನಡುವೆ 880 ಗ್ರಾಂ ತೂಕವನ್ನು ತೂಗಹಾಕಿ. ಕಿರಾಣಿ ಅಂಗಡಿಯಲ್ಲಿ ತೂಗಿಸಿದ ಮರಳಿನ ಚೀಲ ಸಾಕು. ಬಾಣ ಎಷ್ಟು ಕೆಳಗೆ ಬಾಗಿತೆಂದು ಅಳೆಯಿರಿ. ಕಾರ್ಬನ್ ಬಾಣಗಳ ಮೇಲೆ 500, 900 ಎಂದು ಮುದ್ರಿಸಿರುವ ಅಂಕಿ ಇದೇ. 900 ಎಂದರೆ ಈ ತೂಕಕ್ಕೆ ಒಂದು ಅಂಗುಲದ ಸಾವಿರದಲ್ಲಿ 900 ಪಾಲು ಬಾಗಿತೆಂದರ್ಥ. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ಇಪ್ಪತ್ತು, ಇಪ್ಪತ್ತೈದು ಪೌಂಡಿನ ಬಿಲ್ಲಿಗೆ ಮುಕ್ಕಾಲು ಅಂಗುಲದಿಂದ ಒಂದು ಅಂಗುಲದವರೆಗೆ ಬಾಗುವ ಬಾಣ ಒಪ್ಪುತ್ತದೆ. ಬಿದಿರಿನ ಬಾಣಗಳನ್ನು ಕೊಳ್ಳುವವರಿಗೆ ಈ ಪರೀಕ್ಷೆ ವರದಾನ. ಇಪ್ಪತ್ತು ಕಡ್ಡಿಗಳನ್ನು ಅಗ್ಗವಾಗಿ ತಂದು, ಅಳೆದು, ಒಂದೇ ಬಗೆಯ ಎಂಟನ್ನು ಆರಿಸಿಕೊಂಡರೆ ದುಬಾರಿ ಬಾಣಗಳ ಗುಣದ ಬಹುಭಾಗ ಕೈಗೆ ಬಂದಂತೆಯೇ. ತೂಕವನ್ನೂ ಹೋಲಿಸಬೇಕೆಂದರೆ ಪರಿಚಯದ ಅಕ್ಕಸಾಲಿಗರ ತಕ್ಕಡಿ ಇದ್ದೇ ಇದೆ. ಒಂದಕ್ಕೊಂದು ಒಂದು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ನೋಡಿಕೊಳ್ಳಿ.

ಕಾರ್ಬನ್ ಬಾಣ ಕೊಂಡವರಿಗೆ ಒಂದು ಎಚ್ಚರಿಕೆ. ಬಿಡುವುದಕ್ಕೆ ಮುಂಚೆ ಪ್ರತಿ ಸಲವೂ ಎರಡು ಕೈಗಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ಕಿವಿಗೊಟ್ಟು ಕೇಳಿ. ಚಟಪಟ ಸದ್ದು ಬಂದರೆ ಒಳಗೆ ಬಿರುಕು ಬಿಟ್ಟಿದೆ. ಅಂಥ ಬಾಣವು ಹೆದೆಯ ನೂಕಿಗೆ ಒಡೆದು, ಬಿಲ್ಲು ಹಿಡಿದ ಕೈಗೇ ನಾಟಿಕೊಂಡ ಉದಾಹರಣೆಗಳಿವೆ. ಬೇಟೆಯ ಅಗಲ ಅಲಗುಗಳನ್ನು ಕೊಳ್ಳಲೇಬೇಡಿ. ಹುಲ್ಲಿನ ಗುರಿಗೆ ಅವು ಅನವಶ್ಯಕ, ಅದನ್ನು ಕೊಯ್ದು ಹಾಳುಮಾಡುತ್ತವೆ. ಮನೆಯಲ್ಲಿ ಮಕ್ಕಳಿದ್ದರಂತೂ ಅಪಾಯ.

ಉಳಿದ ಸಾಮಾನುಗಳಲ್ಲಿ ಬಹಳಷ್ಟನ್ನು ಊರಿನಲ್ಲಿಯೇ ಹೊಂದಿಸಿಕೊಳ್ಳಬಹುದು. ಮುಂಗೈಗೆ ಹೆದೆಯ ಪೆಟ್ಟು ತಗಲದಂತೆ ಕಟ್ಟುವ ಕಾಪನ್ನೂ ಬೆರಳುಗಳಿಗೆ ಹಾಕುವ ತೊಗಲಿನ ತುಂಡನ್ನೂ ಚಪ್ಪಲಿ ಹೊಲಿಯುವವರಿಂದ ಮಾಡಿಸಿಕೊಳ್ಳಿ, ಚರ್ಮ ನುಣುಪಾಗಿರಲಿ. ಹೆದೆಯನ್ನು ಮಾತ್ರ ಊರಲ್ಲಿ ಹೊಸೆಯಲು ಹೋಗದೆ ಕೊಂಡುಕೊಳ್ಳಿ. ಬಿದಿರು ಮರಗಳ ಬಿಲ್ಲಿಗೆ ಡೇಕ್ರಾನ್ ನೂಲಿನದೇ ಆಗಬೇಕು. ಅದು ತುಸು ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಹಿಗ್ಗದ ಹೊಸ ನೂಲುಗಳು ಬಾಣಕ್ಕೆ ವೇಗ ಕೊಟ್ಟರೂ ಇಂಥ ಬಿಲ್ಲಿನ ಕೊಪ್ಪುಗಳನ್ನು ಸೀಳಿಬಿಡುತ್ತವೆ. ಇದೇ ಕಾರಣಕ್ಕೆ ಬಾಣವಿಲ್ಲದೆ ಹೆದೆ ಸೆಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಹದಿನೈದು ಜೂಲ್ ಆಗ ಬಿಲ್ಲಿಗೇ ಬಡಿಯುತ್ತದೆ. ನೆಂಟರ ಮಕ್ಕಳು ‘ಒಂದು ಸಲ ಎಳೆದು ನೋಡುತ್ತೇನೆ’ ಎಂದು ಕೈ ಚಾಚಿದಾಗ ಈ ಮಾತನ್ನು ನೆನಪಿಟ್ಟುಕೊಂಡರೆ ಬಿಲ್ಲು ಉಳಿಯುತ್ತದೆ.

ಗುರಿಯ ವಿಷಯದಲ್ಲಿ ಮಲೆನಾಡಿನವರು ಭಾಗ್ಯವಂತರು. ಭತ್ತದ ಹುಲ್ಲನ್ನು ಹಗ್ಗವಾಗಿ ಹೊಸೆದು, ಚಕ್ಕುಲಿಯಂತೆ ಸುತ್ತಿ, ಬಿಗಿಯಾಗಿ ಹೊಲಿದರೆ ಯೂರೋಪಿನವರು ಬಹು ಕಾಲದಿಂದ ಬಳಸಿದ ಗುರಿಯೇ ಆಯಿತು. ಅಷ್ಟು ಶ್ರಮ ಬೇಡವೆನ್ನುವವರು ಗೋಣಿಚೀಲಕ್ಕೆ ಹರಕು ಬಟ್ಟೆಗಳನ್ನು ಗಿಡಿದು ತುಂಬಲಿ. ಬೇಟೆಯ ಹಂಬಲ ತಣಿಯದವರಿಗೆ ಇನ್ನೊಂದು ದಾರಿ: ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹುಲ್ಲುಗಾವಲು ಮರಗಳ ನಡುವೆ ಪ್ರಾಣಿಗಳ ಆಕಾರದ ಗುರಿಗಳನ್ನು ನಿಲ್ಲಿಸಿ, ದೂರವನ್ನು ಹೇಳದೆ, ಬಿಲ್ಲುಗಾರನ ಊಹೆಗೇ ಬಿಡುತ್ತಾರೆ. ತೋಟದ ಮೂಲೆಯಲ್ಲಿ ಹುಲ್ಲಿನ ಹಂದಿಯೊಂದನ್ನು ಕಟ್ಟಿ ನಿಲ್ಲಿಸಿದರೆ ಅದೇ ಆಟ. ದೂರವನ್ನು ಕಣ್ಣಳತೆಯಲ್ಲಿ ತಿಳಿಯುವುದು ಎಷ್ಟು ಕಷ್ಟವೆಂಬುದು ಆಗ ಗೊತ್ತಾಗುತ್ತದೆ.

ಗುರಿಯ ಹಿಂದೆ ಏನಿದೆಯೆಂಬುದು ಗುರಿಗಿಂತ ಮುಖ್ಯ. ಎತ್ತರವಾದ ಮಣ್ಣಿನ ಧರೆ ಇದ್ದರೆ ಅತ್ಯುತ್ತಮ. ಆ ಇಪ್ಪತ್ತು ಪೌಂಡಿನ ಬಿಲ್ಲಿನಿಂದಲೇ ಬಾಣವನ್ನು ಆಕಾಶಕ್ಕೆ ಓರೆಯಾಗಿ ಬಿಟ್ಟರೆ ಅದು ನೂರು ಮೀಟರು ದಾಟಿ ಎಲ್ಲಿಯೋ ಇಳಿಯುತ್ತದೆ. ಕೋಟೆಯ ಓಣಿಗಳಂಥ ಒತ್ತೊತ್ತಾದ ಕೇರಿಯಲ್ಲಿ, ಮಹಡಿಯ ಮೇಲೆ ನಿಂತು ಬಿಲ್ಲಾಡುವುದೆಂದರೆ ನೆರೆಯವರ ಪ್ರಾಣದೊಡನೆ ಆಡಿದಂತೆ.

ಮಳೆಗಾಲದ ಮಾತನ್ನೂ ಹೇಳಿಬಿಡಬೇಕು. ಜೂನಿನಿಂದ ನಾಲ್ಕು ತಿಂಗಳು ನಮ್ಮಲ್ಲಿ ಗಾಳಿಯೇ ಒದ್ದೆ. ಬಿದಿರು ತೇವ ಹೀರಿ ಮೆತ್ತಗಾಗುತ್ತದೆ, ಬಾಣದ ಕಡ್ಡಿ ಸೊಟ್ಟಗಾಗುತ್ತದೆ, ಗರಿ ಅಂಟಿಕೊಳ್ಳುತ್ತದೆ. ಅಭ್ಯಾಸ ಮುಗಿದೊಡನೆ ಹೆದೆಯಿಳಿಸಿ, ಬಟ್ಟೆಯಿಂದ ಒರಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಿ. ಗೋಡೆಗೆ ಚಾಚಿ ನಿಲ್ಲಿಸಿದ ಬಿಲ್ಲು ತನ್ನ ಕೆಳತೋಳನ್ನು ತಿರುಚಿಕೊಳ್ಳುತ್ತದೆ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಅತಿಯಾಗಿ ಒಣಗಿ ಸಿಡಿಯುತ್ತದೆ. ತಿಂಗಳಿಗೊಮ್ಮೆ ಹೆದೆಗೆ ಜೇನುಮೇಣವನ್ನೂ ಮರಕ್ಕೆ ತೆಳುವಾಗಿ ಅಗಸೆ ಎಣ್ಣೆಯನ್ನೂ ತಿಕ್ಕಿ.

ಆ ತರುಣನು ಅಂದು ಸ್ವಲ್ಪ ಪೆಚ್ಚಾಗಿಯೇ ಹೊರಟುಹೋದನು. ನಾಲ್ಕು ತಿಂಗಳ ಮೇಲೆ ಮತ್ತೆ ಬಂದಾಗ ಅವನ ಕೈಯಲ್ಲಿ 20 ಪೌಂಡಿನ ಬಿದಿರಿನ ಬಿಲ್ಲೂ ಹಳೆಯ ಪ್ಲಾಸ್ಟಿಕ್ ಕೊಳವೆಯಿಂದ ಮಾಡಿಕೊಂಡ ಬತ್ತಳಿಕೆಯೂ ಇದ್ದುವು. ಬತ್ತಳಿಕೆಯಲ್ಲಿ ಎಂಟು ಬಾಣ. ಒಂದೊಂದರ ಗರಿಯ ಬಳಿಯಲ್ಲಿಯೂ ಸೀಸದ ಕಡ್ಡಿಯಿಂದ ಅಂಕಿ ಬರೆದಿದ್ದನು: 880, 910, 895, ಹೀಗೆ. ಮೊಳೆಗಳ ಬದಲು ಲೇತ್ ಯಂತ್ರದಲ್ಲಿ ಕಡೆದ ಎರಡು ಉರುಳೆಗಳನ್ನು ಕೂರಿಸಿದ್ದನಂತೆ. ಬಾಗಿದ ಅಳತೆಯನ್ನು ಕಾರ್ಖಾನೆಯ ಡಯಲ್ ಗೇಜಿನಿಂದ ತೆಗೆದಿದ್ದನಂತೆ. “ಹನ್ನೆರಡು ಕಡ್ಡಿ ತಂದಿದ್ದೆ ಸಾರ್. ನಾಲ್ಕು ಕಡ್ಡಿ ಹೊಂದಲಿಲ್ಲ, ತಂಗಿ ಅವರೆಬಳ್ಳಿಗೆ ಊರುಗೋಲು ಮಾಡಿಕೊಂಡಳು” ಎಂದನು. ಹದಿನೆಂಟು ಮೀಟರಿನಿಂದ ಬಾಣಗಳು ಎಲ್ಲಿ ಬೀಳುತ್ತಿವೆಯೆಂದು ಕೇಳಿದೆವು. ಎರಡು ಅಂಗೈಯಗಲದೊಳಗೆ ಬೀಳುತ್ತಿವೆ, ಆದರೆ ಎಲ್ಲವೂ ತುಸು ಎಡಕ್ಕೆ ಎಂದನು. ಬಾಣದ ಮೊನೆಗೆ ಇನ್ನೆರಡು ಗ್ರಾಂ ತೂಕ ಸೇರಿಸಿ ನೋಡಲು ಹೇಳಿ ಕಳುಹಿಸಿದ್ದೇವೆ. ಮೊನೆ ಭಾರವಾದರೆ ಬಾಣ ಹೆಚ್ಚು ಬಳುಕುತ್ತದೆ.